ಸ್ಪಾರ್ಟಾವನ್ನು ಕೊನೆಗೆ ಇಟ್ಟುಕೊಳ್ಳಿ: ಗ್ರೀಕ್–ಪರ್ಷಿಯನ್ ರಣಭೂಮಿಗಳಲ್ಲಿ ಎಂಟು ದಿನ

ಗ್ರೀಸಿನ ಸ್ಪಾರ್ಟಾಕ್ಕೆ ಹೋಗಿ ಬಂದವರಲ್ಲಿ ಹೆಚ್ಚಿನವರು ಅಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಹೇಳುತ್ತಾರೆ, ಮತ್ತು ಆ ಮಾತು ಪೂರ್ತಿ ಸುಳ್ಳಲ್ಲ. ಸ್ಪಾರ್ಟಾ ನಗರ ಪಾಳುಬಿದ್ದು ಗುಡಿಗಳೂ ಕಟ್ಟಡಗಳ ಅಡಿಪಾಯಗಳೂ ಮಾತ್ರ ಉಳಿದರೆ ಅದಕ್ಕೆ ಅಷ್ಟು ಬಲವಿತ್ತೆಂದು ಮುಂದಿನ ಕಾಲದವರು ನಂಬಲಾರರು, ಅದೇ ಗತಿ ಅಥೆನ್ಸಿಗೆ ಬಂದರೆ ಅದಕ್ಕೆ ಇದ್ದದ್ದರ ಎರಡರಷ್ಟು ಬಲವಿತ್ತೆಂದು ಎಣಿಸುವರು ಎಂದು ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್ ಕ್ರಿ.ಪೂ. ಐದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಆದ್ದರಿಂದ ಇದೇ ಪ್ರವಾಸ ಯೋಜಿಸುತ್ತಿರುವವರಿಗೆ ನನ್ನ ಮೊದಲ ಸಲಹೆ ಇಷ್ಟೇ: ಸ್ಪಾರ್ಟಾದಿಂದ ಆರಂಭಿಸಬೇಡಿ. ಗ್ರೀಕರಿಗೂ ಪರ್ಷಿಯನ್ನರಿಗೂ ಯುದ್ಧಗಳು ನಡೆದ ನೆಲಗಳನ್ನು ಆದಷ್ಟೂ ಕಾಲಕ್ರಮದಲ್ಲಿ ನೋಡಿಕೊಂಡು ಕೊನೆಗೆ ಅಲ್ಲಿಗೆ ಹೋಗಿ. ನಾನು ಮತ್ತು ನನ್ನ ತಮ್ಮ ಅಕ್ಟೋಬರ್ ಎರಡನೆಯ ವಾರದಲ್ಲಿ ಎಂಟು ದಿನ ಹೀಗೆ ಸುತ್ತಿದೆವು.

ಸಿದ್ಧತೆಯ ವಿಚಾರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗ್ರೀಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಮತ್ತು ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಕಾರು ಓಡಿಸುವ ಆಲೋಚನೆಯಿದ್ದರೆ ಊರಿನ ಆರ್‌ಟಿಒ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಳ್ಳಿ; ಅದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಇನ್ನೊಂದು ವಿಷಯ ನಾವು ಪೆಟ್ಟು ತಿಂದು ಕಲಿತದ್ದು. ಪರವಾನಗಿ ತಮ್ಮನ ಹೆಸರಿನಲ್ಲಿತ್ತು, ಕ್ರೆಡಿಟ್ ಕಾರ್ಡ್ ನನ್ನ ಹೆಸರಿನಲ್ಲಿತ್ತು. ಠೇವಣಿ ಹಿಡಿದಿಡುವ ಕಾರ್ಡು ಚಾಲಕನದ್ದೇ ಆಗಿರಬೇಕೆಂದು ಬಾಡಿಗೆ ಕಾರಿನ ಕಂಪನಿಯವರು ಪಟ್ಟು ಹಿಡಿದರು. ಅವನ ಕಾರ್ಡಿನಲ್ಲಿ ವಿದೇಶಿ ಪಾವತಿಗೆ ಅನುಮತಿಯೇ ಇರಲಿಲ್ಲವಾದ್ದರಿಂದ, ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಒಂದೂವರೆ ಗಂಟೆ ವಿಮಾನ ನಿಲ್ದಾಣದಲ್ಲಿಯೇ ಕಳೆಯಿತು. ರಸ್ತೆಯ ಬಲಬದಿಯಲ್ಲಿ ಓಡಿಸುವುದು ಅರ್ಧ ದಿನದಲ್ಲಿ ರೂಢಿಯಾಗುತ್ತದೆ, ಆದರೆ ಕಾರು ಸಿಕ್ಕ ಮೊದಲ ದಿನವೇ ಅಥೆನ್ಸ್ ನಗರದೊಳಗೆ ಓಡಿಸುವ ಸಾಹಸ ಬೇಡ.

ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಮೈಸೀನಿಯದ ಚಿನ್ನದ ಮುಖವಾಡದ ಮುಂದೆ ಗುಂಪುಗೂಡುತ್ತಾರೆ. ನೀವು, ಕ್ರಿ.ಪೂ. 480ರಲ್ಲಿ ಗ್ರೀಕರು ಪರ್ಷಿಯನ್ನರನ್ನು ತಡೆದು ನಿಂತ ಥರ್ಮೋಪಿಲೆಯ ಬಾಣದ ಮೊನೆಗಳನ್ನು ಹುಡುಕಿಕೊಂಡು ಹೋಗಿ. 1939ರಲ್ಲಿ ಸ್ಪಿರಿಡಾನ್ ಮರಿನಾಟೊಸ್ ಅಲ್ಲಿನ ಕೊಲೊನೋಸ್ ದಿಬ್ಬದಲ್ಲಿ ಅಗೆದಾಗ ಸಿಕ್ಕಿದ ಪುಟ್ಟ ಮೊನೆಗಳಿವು. ಒಂದೊಂದೂ ಬೆರಳಿನ ಒಂದು ಗೆಣ್ಣಿಗಿಂತ ದೊಡ್ಡದಿರಲಿಕ್ಕಿಲ್ಲ. ಕೊನೆಗೆ ಉಳಿದ ಗ್ರೀಕರು ಒಂದು ದಿಬ್ಬವನ್ನೇರಿ ನಿಂತರು, ಪರ್ಷಿಯನ್ನರು ಅವರನ್ನು ಸುತ್ತುವರಿದು ಅಸ್ತ್ರಗಳಿಂದ ಮುಚ್ಚಿಹಾಕಿದರು ಎಂದು ಈ ಯುದ್ಧಗಳ ಇತಿಹಾಸಕಾರ ಹೆರೊಡೋಟಸ್ ಬರೆದದ್ದು ಯಾವ ದಿಬ್ಬವನ್ನು ಕುರಿತು ಎಂಬುದು ಗೊತ್ತಾದದ್ದು ಇವುಗಳಿಂದ. ಇದನ್ನು ಮೊದಲೇ ನೋಡಿಕೊಂಡರೆ ಮುಂದೆ ಆ ದಿಬ್ಬದ ಮೇಲೆ ನಿಂತಾಗ ಕಣ್ಣಿಗೆ ಕಾಣುವುದೇ ಬೇರೆ.

ಮ್ಯಾರಥಾನ್ ಅಥೆನ್ಸಿನಿಂದ ಸುಮಾರು 40 ಕಿ.ಮೀ. ದೂರದಲ್ಲಿದ್ದು, ಅರ್ಧ ದಿನ ಧಾರಾಳವಾಗಿ ಸಾಕು. ಕ್ರಿ.ಪೂ. 490ರಲ್ಲಿ ಇಲ್ಲಿ ಮಡಿದ 192 ಅಥೆನ್ಸ್ ಯೋಧರ ಸಮಾಧಿ ದಿಬ್ಬ ಸುಮಾರು ಒಂಬತ್ತು ಮೀಟರ್ ಎತ್ತರದ್ದು. ಅದರ ಮೇಲೆ ಹತ್ತಬಾರದು, ಸುತ್ತ ನಡೆಯಬಹುದು. ಇಲ್ಲಿ ಸ್ಪಾರ್ಟಾದವರ ಪಾತ್ರವೇನೆಂದು ಕೇಳಿದರೆ, ಅವರು ತಡವಾಗಿ ಬಂದರು. ಹುಣ್ಣಿಮೆಯಾಗುವ ತನಕ ದಂಡು ಹೊರಡುವಂತಿಲ್ಲವೆಂಬ ಕಟ್ಟಳೆಯ ನೆಪದಲ್ಲಿ ಕಾದು, ಆಮೇಲೆ ಮೂರು ದಿನಗಳಲ್ಲಿ ಧಾವಿಸಿ ಬಂದ 2,000 ಮಂದಿಗೆ ಯುದ್ಧ ಮುಗಿದಿದ್ದುದು ತಿಳಿಯಿತು. ಆದರೂ ಅವರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗದೆ, ಬಿದ್ದಿದ್ದ ಪರ್ಷಿಯನ್ನರ ಹೆಣಗಳನ್ನು ನೋಡಿ, ಅಥೆನ್ಸಿನವರನ್ನು ಹೊಗಳಿ ಊರಿಗೆ ಮರಳಿದರು. ಲೆಕ್ಕಕ್ಕೆ ಹಿಡಿದರೆ ಈ ರಣಭೂಮಿಯ ಮೊದಲ ಪ್ರವಾಸಿಗರು ಅವರೇ.

ಥರ್ಮೋಪಿಲೆಗೆ ಅಥೆನ್ಸಿನಿಂದ ಸುಮಾರು 200 ಕಿ.ಮೀ. ಸುಂಕದ ಹೆದ್ದಾರಿಯಿದೆ, ಚಿಲ್ಲರೆ ಯೂರೊ ನಾಣ್ಯಗಳನ್ನು ಕೈಗೆ ಸಿಗುವಂತೆ ಇಟ್ಟುಕೊಂಡರೆ ಸುಂಕದ ಕಟ್ಟೆಗಳಲ್ಲಿ ತಡವಾಗುವುದಿಲ್ಲ. ಕಾರು ನಿಲ್ಲಿಸಿ ಇಳಿದ ಕೂಡಲೇ ತಮ್ಮನು ಸುತ್ತ ನೋಡಿ ಕೇಳಿದ ಮೊದಲ ಪ್ರಶ್ನೆ, “ಅಣ್ಣ, ಸಮುದ್ರ ಎಲ್ಲಿದೆ?” ಎಂದು. ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಕ್ರಿ.ಪೂ. 480ರಲ್ಲಿ ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಕಡಲು, ನಡುವೆ ಇಕ್ಕಟ್ಟಾದ ದಾರಿ ಇತ್ತು. ತೀರ ಕಿರಿದಾದೆಡೆ ಒಂದು ಬಂಡಿ ಮಾತ್ರ ಹೋಗುವಷ್ಟಿತ್ತೆಂದು ಹೆರೊಡೋಟಸ್ ಹೇಳುತ್ತಾನೆ. ಎರಡೂವರೆ ಸಾವಿರ ವರ್ಷಗಳ ಕಾಲ ಸ್ಪೆರ್ಖಿಯೊಸ್ ನದಿ ತಂದು ಸುರಿದ ಹೂಳಿನಿಂದ ಕಡಲಂಚು ಕೆಲವು ಕಿಲೋಮೀಟರುಗಳಷ್ಟು ಹಿಂದೆ ಸರಿದು, ಈಗ ಅಲ್ಲಿ ಹೊಲಗಳಿವೆ. ಈ ಸಂಗತಿಯನ್ನು ತಿಳಿಯದೆ ಹೋದವರಿಗೆ, ಇಷ್ಟು ಅಗಲವಾದ ಬಯಲನ್ನು ಏಳು ಸಾವಿರದಷ್ಟು ಗ್ರೀಕರು ಹೇಗೆ ತಡೆದರೆಂಬುದೇ ಅರ್ಥವಾಗುವುದಿಲ್ಲ.

ಇಲ್ಲಿ ಬಹಳಷ್ಟು ಜನ ಮಾಡುವ ತಪ್ಪನ್ನು ನಾವೂ ಮಾಡಿದೆವು. ರಸ್ತೆಬದಿಯಲ್ಲಿ 1955ರಲ್ಲಿ ನಿಲ್ಲಿಸಿದ, ಸ್ಪಾರ್ಟಾದ ದೊರೆ ಲಿಯೊನಿಡಾಸನ ಕಂಚಿನ ಪ್ರತಿಮೆಯಿದೆ. ಅದರ ಪೀಠದ ಮೇಲೆ, ಆಯುಧಗಳನ್ನು ಒಪ್ಪಿಸೆಂದು ಕೇಳಿದ ಪರ್ಷಿಯದ ದೊರೆ ಜೆರ್ಕ್ಸಿಸನಿಗೆ ಅವನು ಕೊಟ್ಟನೆನ್ನಲಾದ “ಬಂದು ತೆಗೆದುಕೋ” ಎಂಬ ಉತ್ತರವನ್ನು ಎರಡೇ ಗ್ರೀಕ್ ಪದಗಳಲ್ಲಿ ಕೆತ್ತಿದ್ದಾರೆ. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುತ್ತವೆ, ಜನ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನಾವೂ ಹಾಗೆಯೇ ಹೊರಟು, ಹತ್ತು ನಿಮಿಷದ ದಾರಿ ಸಾಗಿದ ಮೇಲೆ ಬಾಣದ ಮೊನೆಗಳ ನೆನಪಾಗಿ ಹಿಂದಿರುಗಿದೆವು. ನಿಜವಾಗಿ ನೋಡಬೇಕಾದ ಕೊಲೊನೋಸ್ ದಿಬ್ಬ ಪ್ರತಿಮೆಗೆ ಎದುರಾಗಿ ರಸ್ತೆಯ ಆಚೆ ಬದಿಯಲ್ಲಿದೆ. ವಾಹನಗಳು ವೇಗವಾಗಿ ಬರುವುದರಿಂದ ರಸ್ತೆ ದಾಟುವಾಗ ಎಚ್ಚರಿಕೆ ಬೇಕು. ಎರಡು ನಿಮಿಷದ ಏರು, ಮೇಲೆ ಕುರುಚಲು ಗಿಡಗಳು, ನೆಲಕ್ಕೆ ಹಾಸಿದ ಒಂದು ಕಲ್ಲು. ಅದರ ಮೇಲೆ ಗ್ರೀಕ್ ಕವಿ ಸಿಮೊನೈಡೀಸನದೆಂದು ಪ್ರಸಿದ್ಧವಾದ ಎರಡು ಸಾಲು: ದಾರಿಹೋಕನೇ, ಲ್ಯಾಸಿಡೆಮೋನಿನವರಿಗೆ ತಿಳಿಸು, ಅವರ ಮಾತಿಗೆ ನಡೆದುಕೊಂಡು ನಾವಿಲ್ಲಿ ಮಲಗಿದ್ದೇವೆ. ಲ್ಯಾಸಿಡೆಮೋನ್ ಎಂದರೆ ಸ್ಪಾರ್ಟಾವೇ. ಕಲ್ಲು ಇತ್ತೀಚಿನದು, ಸಾಲು ಹಳೆಯದು. ವೀರಗಲ್ಲುಗಳನ್ನು ನೋಡುತ್ತ ಬೆಳೆದ ನಮಗೆ ಅಲ್ಲಿ ಶಿಲ್ಪವಿಲ್ಲದ್ದು, ಸ್ವರ್ಗವೂ ಇಲ್ಲದ್ದು ಮೊದಲು ಕಣ್ಣಿಗೆ ಬಿತ್ತು.

ಲಿಯೊನಿಡಾಸನೊಂದಿಗೆ ನಿಂತು ಮಡಿದ ಮುನ್ನೂರು ಸ್ಪಾರ್ಟನ್ನರ ಕಥೆಯನ್ನು ಎಲ್ಲರೂ ಬಲ್ಲರು. ಅವರೊಂದಿಗೆ ಕೊನೆಯ ದಿನ ಉಳಿದು ಸತ್ತ, ಥೆಸ್ಪಿಯೆ ಎಂಬ ಗ್ರೀಕ್ ಊರಿನ 700 ಥೆಸ್ಪಿಯನ್ನರ ನೆನಪಿಗೆ 1997ರವರೆಗೆ ಇಲ್ಲಿ ಒಂದು ಸ್ಮಾರಕವೂ ಇರಲಿಲ್ಲ. ಈಗಿರುವುದು ಲಿಯೊನಿಡಾಸನ ಪಕ್ಕದಲ್ಲೇ ಇದೆ, ಅಲ್ಲೂ ಒಂದು ಕ್ಷಣ ನಿಲ್ಲಿ. ಥರ್ಮೋಪಿಲೆ ಎಂದರೆ ಬಿಸಿ ಬಾಗಿಲುಗಳು ಎಂದರ್ಥ, ಮತ್ತು ಆ ಬಿಸಿನೀರಿನ ಬುಗ್ಗೆಗಳು ಇಂದಿಗೂ ಹರಿಯುತ್ತಿವೆ. ಗಂಧಕದ ವಾಸನೆ ದೂರಕ್ಕೇ ಮೂಗಿಗೆ ಬಡಿಯುತ್ತದೆ. ನೀರು ಹಸಿರು ಮಿಶ್ರಿತ ನೀಲಿಯಾಗಿ, ಸ್ನಾನಕ್ಕೆ ಕಾಯಿಸಿದಷ್ಟು ಹದವಾಗಿ ಬಿಸಿಯಿದೆ. ನಾವು ಕಾಲು ಇಳಿಬಿಟ್ಟು ಕೂತಿದ್ದಾಗ ಪಕ್ಕದಲ್ಲಿ ಇಬ್ಬರು ಅಜ್ಜಿಯರು ಕುತ್ತಿಗೆಯವರೆಗೆ ಮುಳುಗಿ ಮಾತಾಡುತ್ತಿದ್ದರು. ಟವೆಲ್ ಮತ್ತು ಹಳೆಯ ಚಪ್ಪಲಿ ಒಯ್ಯಿರಿ, ಬೆಳ್ಳಿಯ ಒಡವೆಗಳನ್ನು ತೆಗೆದಿಡಿ, ಏಕೆಂದರೆ ಗಂಧಕಕ್ಕೆ ಅವು ಕಪ್ಪಾಗುತ್ತವೆ.

ಸಸ್ಯಾಹಾರಿಗಳು ಒಂದು ಪದವನ್ನು ಕಲಿತುಕೊಳ್ಳಬೇಕು: ನಿಸ್ತೀಸಿಮೊ. ಅದು ಗ್ರೀಕ್ ಕ್ರೈಸ್ತರ ಉಪವಾಸದ ಊಟದ ಹೆಸರು. ಅದರಲ್ಲಿ ಮಾಂಸವಾಗಲೀ ಮೊಟ್ಟೆ, ಹಾಲಾಗಲೀ ಇರುವುದಿಲ್ಲ. ಚಿಪ್ಪುಮೀನು, ಸೀಗಡಿಗಳಿಗೆ ಮಾತ್ರ ಅವರಲ್ಲಿ ನಿಷೇಧವಿಲ್ಲದ ಕಾರಣ ಅದೊಂದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಟೊಮ್ಯಾಟೊ ರಸದಲ್ಲಿ ಬೇಯಿಸಿದ ಗಿಗಾಂಟೆಸ್ ಎಂಬ ಕಾಳು ನಮ್ಮ ಅವರೆಯ ಎರಡು ಮೂರರಷ್ಟು ದಪ್ಪವಿರುತ್ತದೆ, ಬ್ರೆಡ್ಡಿನೊಂದಿಗೆ ಹೊಟ್ಟೆ ತುಂಬುತ್ತದೆ. ಹೋರ್ತಾ ಎಂಬುದು ಬೇಯಿಸಿದ ಕಾಡುಸೊಪ್ಪು. ಒಗ್ಗರಣೆಯಿಲ್ಲದ ಪಲ್ಯಕ್ಕೆ ನಿಂಬೆರಸ, ಆಲಿವ್ ಎಣ್ಣೆ ಹಾಕಿದಂತೆ. ಚಟ್ನಿಪುಡಿಯ ಡಬ್ಬಿ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬಂತು.

ಥರ್ಮೋಪಿಲೆಯಿಂದ ಬೆಟ್ಟ ದಾಟಿ, ಪ್ರಾಚೀನ ಗ್ರೀಕರ ಪುಣ್ಯಕ್ಷೇತ್ರ ಡೆಲ್ಫಿಗೆ ಸುಮಾರು ಒಂದೂವರೆ ಗಂಟೆ. ತಿರುವುಗಳು ಹೆಚ್ಚಾದ್ದರಿಂದ ಬೆಳಕಿರುವಾಗಲೇ ತಲುಪಿರಿ. ಡೆಲ್ಫಿಯ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಮರುದಿನ ಥೀಬ್ಸ್ ಮಾರ್ಗವಾಗಿ ಅಥೆನ್ಸಿಗೆ ಹಿಂದಿರುಗುವಾಗ ಕ್ರಿ.ಪೂ. 479ರ ಯುದ್ಧ ನಡೆದ ಪ್ಲಟೀಯಕ್ಕೆ ಒಂದು ಗಂಟೆ ಕೊಟ್ಟರೆ ಸಾಕು. ಅಲ್ಲಿ ಕೋಟೆಗೋಡೆಯ ಸಾಲು, ಹೊಲ, ಹಿಂದೆ ಕಿಥೇರೋನ್ ಬೆಟ್ಟ ಬಿಟ್ಟರೆ ಬೇರೇನಿಲ್ಲ. ಆದರೂ ಭಾರತದಿಂದ ಹೋದವರು ಅದನ್ನು ಬಿಡಬಾರದೆಂದು ನನ್ನ ಅಭಿಪ್ರಾಯ. ಜೆರ್ಕ್ಸಿಸನ ಸೇನೆಯಲ್ಲಿ ಹತ್ತಿಯ ಬಟ್ಟೆ ತೊಟ್ಟು, ಬಿದಿರಿನಂಥ ಜೊಂಡಿನ ಬಿಲ್ಲುಗಳನ್ನೂ ಕಬ್ಬಿಣದ ಮೊನೆಯ ಬಾಣಗಳನ್ನೂ ಹಿಡಿದ ಭಾರತೀಯರಿದ್ದರೆಂದು ಹೆರೊಡೋಟಸ್ ಬರೆದಿದ್ದಾನೆ. ಅವರು ಪರ್ಷಿಯಕ್ಕೆ ಕಪ್ಪ ಕೊಡುತ್ತಿದ್ದ ಸಿಂಧೂ ಕಡೆಯವರು. ದೊರೆ ಏಷ್ಯಾಕ್ಕೆ ಮರಳಿದ ಮೇಲೂ ಪರ್ಷಿಯನ್ ದಂಡನಾಯಕ ಮಾರ್ಡೋನಿಯಸ್ ಅವರನ್ನು ತನ್ನ ಬಳಿ ಉಳಿಸಿಕೊಂಡಿದ್ದರಿಂದ ಕ್ರಿ.ಪೂ. 479ರಲ್ಲಿ ಅವರೂ ಈ ಹೊಲಗಳಲ್ಲಿ ನಿಂತಿದ್ದರು. ಎದುರು ಬದಿಯಲ್ಲಿ 5,000 ಸ್ಪಾರ್ಟನ್ನರಿದ್ದರು, ಒಬ್ಬೊಬ್ಬನ ಜೊತೆಗೆ ಏಳು ಮಂದಿಯಂತೆ 35,000 ಹೆಲಟರೂ ಇದ್ದರು. ಹೆಲಟರೆಂದರೆ ಸ್ಪಾರ್ಟಾದ ಹೊಲಗಳನ್ನು ಉಳುತ್ತಿದ್ದ ಜೀತದ ಜನ. ಸ್ಪಾರ್ಟನ್ ಗಂಡಸು ದಿನವಿಡೀ ಕವಾಯತು ಮಾಡಲು ಬಿಡುವಾಗುತ್ತಿದ್ದುದು ಇವರ ಬೆವರಿನಿಂದ.

ಸಮುದ್ರಯುದ್ಧ ನಡೆದ ಸಲಾಮಿಸ್ ದ್ವೀಪ ಕಾಲಕ್ರಮದಲ್ಲಿ ಪ್ಲಟೀಯಕ್ಕಿಂತ ಹಿಂದಿನದು, ಆದರೆ ದಾರಿಯ ಅನುಕೂಲಕ್ಕಾಗಿ ನಾವು ಅದನ್ನು ಆಮೇಲೆ ನೋಡಿದೆವು. ಪಿರೇಯಸ್ ಬಳಿಯ ಪೆರಾಮಾದಿಂದ ದ್ವೀಪದ ಪಲೂಕಿಯಾಕ್ಕೆ ಕಾರು, ಜನ ಎರಡನ್ನೂ ಹೊತ್ತೊಯ್ಯುವ ದೋಣಿಗಳು ಒಂದರ ಹಿಂದೊಂದು ಹೊರಡುತ್ತವೆ. ಮುಂಗಡ ಟಿಕೆಟ್ ಬೇಡ, ಕಾಲು ಗಂಟೆಯ ಪಯಣ. ದೋಣಿಯ ಮೇಲಟ್ಟದಲ್ಲಿ ನಿಲ್ಲಿ. ಪರ್ಷಿಯನ್ ನೌಕಾಪಡೆ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ನಾಶವಾದ ಜಲಸಂಧಿ ಇದೇ, ಹಿಂದೆ ಕಾಣುವುದು ಜೆರ್ಕ್ಸಿಸ್ ಕೂತು ಅದನ್ನು ನೋಡಿದ ಎಗಾಲಿಯೋ ಬೆಟ್ಟ. ಗ್ರೀಕ್ ನೌಕಾಪಡೆಯಲ್ಲಿ ಸ್ಪಾರ್ಟಾದ ಹಡಗುಗಳು ಹದಿನಾರು ಮಾತ್ರ, ಆದರೂ ದಂಡನಾಯಕತ್ವ ಸ್ಪಾರ್ಟಾದ ಯೂರಿಬಿಯಡೀಸನದು. ದ್ವೀಪದಲ್ಲಿ ಗ್ರೀಕ್ ನೌಕಾನೆಲೆಯಿರುವುದರಿಂದ ಆ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಕೊನೆಗೆ ಸ್ಪಾರ್ಟಾ. ಕೊರಿಂತ್, ಟ್ರಿಪೊಲಿ ದಾಟಿ ಸುಮಾರು 215 ಕಿ.ಮೀ.; ಕಾರು ಬೇಡವೆಂದರೆ ಅಥೆನ್ಸಿನ ಕಿಫಿಸೋಸ್ ನಿಲ್ದಾಣದಿಂದ ಬಸ್ಸಿದೆ. ಇಳಿಜಾರಿನಲ್ಲಿ ತೈಗೆಟಸ್ ಬೆಟ್ಟಸಾಲು ಕಣ್ಣಿಗೆ ಬಿದ್ದಾಗಲೇ ಈ ಊರಿಗೆ ಬಹುಕಾಲ ಕೋಟೆಗೋಡೆ ಏಕೆ ಬೇಕಾಗಲಿಲ್ಲವೆಂಬುದು ಅರ್ಧ ತಿಳಿಯುತ್ತದೆ. ಈಗಿನ ಪಟ್ಟಣವನ್ನು ಗ್ರೀಸಿನ ದೊರೆ ಓಟೊ 1834ರಲ್ಲಿ ಹೊಸದಾಗಿ ಕಟ್ಟಿಸಿದ್ದು. ರಸ್ತೆಗಳು ನೇರ, ಕಿತ್ತಳೆ ಮರಗಳ ಸಾಲು. ಮುಖ್ಯರಸ್ತೆಯ ತುದಿಯಲ್ಲಿ ಲಿಯೊನಿಡಾಸನ ಇನ್ನೊಂದು ಪ್ರತಿಮೆಯಿದೆ. ಅಥೆನ್ಸಿನಿಂದ 246 ಕಿ.ಮೀ. ಓಡುವ ಸ್ಪಾರ್ಟಥ್ಲಾನ್ ಓಟ ಸೆಪ್ಟೆಂಬರ್ ಕೊನೆಯಲ್ಲಿ ಮುಗಿಯುವುದು ಇದರ ಪಾದದ ಬಳಿ. ಆ ವಾರ ಹೋಗುವವರು ತಂಗಲು ಬಹಳ ಮೊದಲೇ ಕೊಠಡಿ ಕಾಯ್ದಿರಿಸಿಕೊಳ್ಳಬೇಕು.

ಪ್ರತಿಮೆಯ ಹಿಂದಿನ ಆಲಿವ್ ತೋಪಿನೊಳಗೆ ಹಳೆಯ ಊರಿನ ದಿಬ್ಬವಿದೆ. ಅಲ್ಲಿನ ದೊಡ್ಡ ರಂಗಮಂದಿರವನ್ನು ಕಂಡು ಮರುಳಾಗಬೇಡಿ, ಅದು ರೋಮನ್ನರ ಕಾಲದ್ದು. ಊರಿನ ನಡುವೆ ಲಿಯೊನಿಡಾಸನ ಸಮಾಧಿಯೆಂದು ತೋರಿಸುವ ಕಲ್ಲುಗಳೂ ಅವನ ನಂತರದ ಕಾಲದ ಒಂದು ಕಟ್ಟಡದವು. ನನಗೆ ಮನಸ್ಸು ನಿಂತದ್ದು ಯೂರೋಟಾಸ್ ಹೊಳೆಯ ಪಕ್ಕದ ಆರ್ಟೆಮಿಸ್ ಆರ್ಥಿಯಾ ದೇವಿಯ ಗುಡಿಯ ಬಳಿ. ಇಲ್ಲಿ ಹುಡುಗರಿಗೆ ಸಹನೆಯ ಪರೀಕ್ಷೆಯೆಂದು ಚಾಟಿಯೇಟು ಕೊಡುತ್ತಿದ್ದರು. ಸ್ಪಾರ್ಟಾದ ಬಲವೆಲ್ಲ ಕರಗಿಹೋದ ಎಷ್ಟೋ ಶತಮಾನಗಳ ಮೇಲೆ, ಅದನ್ನೇ ನೋಡಲು ದೂರದಿಂದ ಬರುತ್ತಿದ್ದವರಿಗಾಗಿ ರೋಮನ್ ಕಾಲದಲ್ಲಿ ಗುಡಿಯ ಸುತ್ತ ಕಲ್ಲಿನ ಆಸನಗಳನ್ನು ಕಟ್ಟಿದರು. ಆ ಆಸನಗಳ ಅಡಿಪಾಯ ಇಂದಿಗೂ ಕಾಣುತ್ತದೆ. ಗೆದ್ದ ಹುಡುಗರಿಗೆ ಕೊಡುತ್ತಿದ್ದ ಕಬ್ಬಿಣದ ಕುಡುಗೋಲುಗಳನ್ನು ಕೂರಿಸಿದ ಶಾಸನಗಲ್ಲುಗಳು ಪಟ್ಟಣದ ಮ್ಯೂಸಿಯಮ್ಮಿನಲ್ಲಿವೆ. 1925ರಲ್ಲಿ ಸಿಕ್ಕಿ, ಊರವರ ಬಾಯಲ್ಲಿ ಲಿಯೊನಿಡಾಸನೆಂದೇ ಉಳಿದಿರುವ ಅಮೃತಶಿಲೆಯ ಯೋಧನೂ ಅಲ್ಲಿಯೇ ಇದ್ದಾನೆ. ಇಂಥ ಮ್ಯೂಸಿಯಮ್ಮುಗಳಲ್ಲಿ ಹಲವಕ್ಕೆ ವಾರಕ್ಕೊಂದು ರಜೆಯಿದ್ದು, ಚಳಿಗಾಲದಲ್ಲಿ ಮಧ್ಯಾಹ್ನವೇ ಮುಚ್ಚುವುದೂ ಉಂಟು. ಹೋಟೆಲಿನವರನ್ನು ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಸ್ಪಾರ್ಟಾದಲ್ಲಿ ಎರಡು ರಾತ್ರಿ ತಂಗಿದರೆ ಐದಾರು ಕಿ.ಮೀ. ದೂರದ ಮಿಸ್ಟ್ರಾಸ್ ಎಂಬ ಬೈಜಾಂಟೈನ್ ಪಟ್ಟಣವನ್ನೂ ನೋಡಬಹುದು. ಅಲ್ಲಿ ಹತ್ತಲು ಗಟ್ಟಿ ಬೂಟು ಬೇಕು.

ಹೋಗುವಾಗಲೋ ಬರುವಾಗಲೋ ಇಸ್ತಾಂಬುಲಿನಲ್ಲಿ ವಿಮಾನ ಬದಲಿಸುವವರು ಒಂದು ಹಗಲು ಅಲ್ಲಿ ಉಳಿಯುವಂತೆ ಟಿಕೆಟ್ ಮಾಡಿಸಿ. ಟರ್ಕಿಯ ವೀಸಾ ನಿಯಮವನ್ನು ಮೊದಲೇ ನೋಡಿಕೊಳ್ಳಬೇಕು. ಪ್ಲಟೀಯದಲ್ಲಿ ಗೆದ್ದ ಗ್ರೀಕರು ಅಲ್ಲಿನ ಕೊಳ್ಳೆಯಿಂದ ಡೆಲ್ಫಿಯಲ್ಲಿ ನಿಲ್ಲಿಸಿದ ಸರ್ಪಸ್ತಂಭವನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಇಸ್ತಾಂಬುಲಿಗೆ ಸಾಗಿಸಿದನು, ಸುಲ್ತಾನಹ್ಮೆತ್ ಚೌಕದಲ್ಲಿ ಅದು ಇಂದಿಗೂ ನಿಂತಿದೆ. ಹೆಣೆದುಕೊಂಡ ಮೂರು ಕಂಚಿನ ಹಾವುಗಳ ಹೆಡೆಗಳು ಮುರಿದುಹೋಗಿವೆ. ಪರ್ಷಿಯದ ವಿರುದ್ಧ ನಿಂತ 31 ಊರುಗಳ ಹೆಸರನ್ನು ಅದರ ಸುರುಳಿಗಳ ಮೇಲೆ ಕೊರೆದಿದ್ದಾರೆ. ಮೊದಲ ಹೆಸರು ಲ್ಯಾಸಿಡೆಮೋನಿನವರದು, ಥೆಸ್ಪಿಯನ್ನರದೂ ಇದೆ. ಸ್ತಂಭದ ಬುಡ ಈಗಿನ ನೆಲಮಟ್ಟಕ್ಕಿಂತ ಕೆಳಗೆ ಕಂಬಿಬೇಲಿಯೊಳಗಿನ ಗುಂಡಿಯಲ್ಲಿರುವುದರಿಂದ ಹತ್ತಿರ ಹೋಗಿ ಓದಲಾಗುವುದಿಲ್ಲ. ಒಂದು ಚಿಕ್ಕ ದುರ್ಬೀನು ಚೀಲದಲ್ಲಿರಲಿ.