ದೊಡ್ಡರೋಗ ಮತ್ತು ಮುಕ್ತೇಶ್ವರದ ಬೆಟ್ಟ

ನಮ್ಮ ರೈತರು ‘ದೊಡ್ಡರೋಗ’ ಎಂದು ಕರೆಯುತ್ತಿದ್ದ ದನಗಳ ಪಿಡುಗನ್ನು (ರಿಂಡರ್‌ಪೆಸ್ಟ್) ಬ್ರಿಟಿಷ್ ಸರ್ಕಾರ ಭಾರತದಲ್ಲಿ ಹೇಗೆ ಎದುರಿಸಿತು ಎಂಬುದನ್ನು ಓದುವಾಗಲೆಲ್ಲ ನನ್ನ ಮನಸ್ಸು ಇಂದಿನ ಉತ್ತರಾಖಂಡದ ಕುಮಾವೂಂ ಬೆಟ್ಟಗಳ ಮುಕ್ತೇಶ್ವರದಲ್ಲಿ ನಿಲ್ಲುತ್ತದೆ. ದನಗಳ ಪಿಡುಗುಗಳ ಕುರಿತ ಆಯೋಗದ ವರದಿ 1871ರಲ್ಲೇ ಬಂದಿತ್ತು; ಆದರೆ ಪುಣೆಯಲ್ಲಿ ಪ್ರಯೋಗಾಲಯ ಆರಂಭವಾದದ್ದು 1889ರಲ್ಲಿ. ಎತ್ತು ಸತ್ತರೆ ಉಳುಮೆಯೇ ನಿಲ್ಲುತ್ತಿದ್ದ ಆ ಕಾಲದಲ್ಲಿ, ನಡುವಿನ 18 ವರ್ಷಗಳನ್ನು ರೈತರು ಹೇಗೆ ಕಳೆದರೆಂದು ನೆನೆದರೆ ಸಂಕಟವಾಗುತ್ತದೆ.

ಅಪಾಯಕಾರಿ ರೋಗಾಣುಗಳನ್ನು ಜನ, ದನ ದಟ್ಟವಾಗಿರುವ ಕಡೆ ಇಡುವುದು ಸರಿಯಲ್ಲವಾದ್ದರಿಂದ 1893ರಲ್ಲಿ ಪ್ರಯೋಗಾಲಯ ಮುಕ್ತೇಶ್ವರಕ್ಕೆ ಹೋಯಿತು. ಅಲ್ಲಿ ತಯಾರಾದ ಸೀರಮ್ (ರೋಗನಿರೋಧಕ ಶಕ್ತಿ ಪಡೆದ ದನದ ರಕ್ತದಿಂದ ತೆಗೆದ ದ್ರವ) ಕೊಡುತ್ತಿದ್ದ ರಕ್ಷಣೆ ಅಲ್ಪಕಾಲದ್ದು. ಅದರ ಜೊತೆಗೆ ರೋಗಪೀಡಿತ ದನದ ರಕ್ತವನ್ನೂ ಚುಚ್ಚಿದರೆ ದೀರ್ಘಕಾಲದ ರಕ್ಷಣೆ ಸಿಗುತ್ತಿತ್ತಾದರೂ, ಅದೇ ರಕ್ತದಲ್ಲಿ ಬೇರೆ ರೋಗಗಳ ಪರೋಪಜೀವಿಗಳೂ ದಾಟಿಬರುವ ಭಯವಿತ್ತು. 1920ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಜೆ. ಟಿ. ಎಡ್ವರ್ಡ್ಸ್ ಅವರು ಈ ರೋಗದ ವೈರಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಹೋದಾಗ ಅದು ಬಯಲುಸೀಮೆಯ ದನಗಳ ಪಾಲಿಗೆ ಸೌಮ್ಯವಾಯಿತು; ಒಂದೇ ಚುಚ್ಚುಮದ್ದು ವರ್ಷಗಟ್ಟಲೆ ರಕ್ಷಣೆ ಕೊಡುವಂತಾಯಿತು. ಈ ಇಡೀ ಹೋರಾಟದ ನಿಜವಾದ ತಿರುವು ಇದೇ ಎಂದು ನಾನು ನಂಬಿದ್ದೇನೆ.

ಮೈಸೂರು ಸಂಸ್ಥಾನವೂ ಕೈಕಟ್ಟಿ ಕೂರಲಿಲ್ಲ ಎಂಬುದು ನನಗೆ ಹೆಮ್ಮೆಯ ಸಂಗತಿ: ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಔಷಧಗಳ ಸಂಸ್ಥೆಯು 1925ರಲ್ಲಿ ಮೈಸೂರು ಸೀರಮ್ ಸಂಸ್ಥೆಯಾಗಿ ಹುಟ್ಟಿದ್ದು ಇದೇ ದೊಡ್ಡರೋಗವನ್ನು ತಡೆಯಲೆಂದು. ಜಗತ್ತು ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಿದ್ದು 2011ರಲ್ಲಿ.