ವಾರವೆಲ್ಲ ಬೇರೆ ಕೆಲಸ, ಭಾನುವಾರ ವಿಮಾನ

ವಿಮಾನ ಓಡಿಸ್ತೀನಿ ಅಂದ ತಕ್ಷಣ ಬೆಂಗಳೂರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ, “ಯಾವ ಏರ್‌ಲೈನ್ಸು?” ಯಾವುದೂ ಅಲ್ಲ, ಕುಡಿಯುವ ನೀರು ಪಂಪ್ ಮಾಡುವ ಕೆಲಸದಲ್ಲಿರುವ ಇಂಜಿನಿಯರು ನಾನು, ರಜೆಯ ದಿನ ಮಾತ್ರ ಹಾರುತ್ತೇನೆ ಅಂದರೆ ಎರಡನೆಯದು ಬರುತ್ತದೆ: “ಮತ್ತೆ ಅಷ್ಟೊಂದು ದುಡ್ಡು ಹಾಕಿ ಏನು ಪ್ರಯೋಜನ?” ಕೇಳುವವರ ತಪ್ಪಲ್ಲ. ನಮ್ಮಲ್ಲಿ ಏನನ್ನಾದರೂ ಕಲಿತರೆ ಅದರ ತುದಿಯಲ್ಲೊಂದು ನೌಕರಿ ಇರಬೇಕು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನಾವು ಹಾರುವ ಜಕ್ಕೂರಿನಲ್ಲಿ ಜನವರಿಯ ಒಂದು ಬೆಳಗ್ಗೆ ನಡೆದದ್ದನ್ನೇ ಹೇಳಬೇಕು.

ನಮ್ಮಂಥವರ ಬಳಿ ಇರುವುದು ಪ್ರೈವೇಟ್ ಪೈಲಟ್ ಲೈಸೆನ್ಸು, ಪಿಪಿಎಲ್. ವಯಸ್ಸು 17 ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ತಪಾಸಣೆ ಮತ್ತು ವಿಮಾನಯಾನ ನಿಯಂತ್ರಿಸುವ ಕೇಂದ್ರ ಸಂಸ್ಥೆ ಡಿಜಿಸಿಎಯ ಪರೀಕ್ಷೆ ದಾಟಬೇಕು, ಕಡಿಮೆಯೆಂದರೆ 40 ಗಂಟೆ ಹಾರಿರಬೇಕು. ನೌಕರಿಗೆ ಬೇಕಾದ ಕಮರ್ಷಿಯಲ್ ಲೈಸೆನ್ಸಿಗಾದರೆ 200 ಗಂಟೆ. ಪಿಪಿಎಲ್ ಇರುವವರು ಹಾರಿದ್ದಕ್ಕೆ ಸಂಬಳ ತೆಗೆದುಕೊಳ್ಳುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಅಂದಮೇಲೆ ಹೊಟ್ಟೆಪಾಡಿಗೆ ಪ್ರತಿಯೊಬ್ಬರಿಗೂ ಬೇರೆ ಕೆಲಸ ಇದ್ದೇ ಇರುತ್ತದೆ. ಆ ಕೆಲಸಗಳು ಯಾವುವು ಅಂತ ಅಲ್ಲಿ ಯಾರೂ ಯಾರನ್ನೂ ಹೆಚ್ಚಾಗಿ ಕೇಳುವುದಿಲ್ಲ. ಬಂದವರು ಸರದಿಗೆ ಕಾಯುತ್ತಾರೆ, ಹಾರುತ್ತಾರೆ, ಲಾಗ್‌ಬುಕ್ ಬರೆದು ಹೊರಡುತ್ತಾರೆ.

ಬಳ್ಳಾರಿ ರಸ್ತೆಯ ಮೇಲ್ಸೇತುವೆಯಲ್ಲಿ ದೇವನಹಳ್ಳಿ ಕಡೆ ಓಡುವವರಿಗೆ ಬಲಗಡೆ ಕಾಣುವ ಬಯಲೇ ಜಕ್ಕೂರು ಏರೋಡ್ರೋಮ್, ಸಣ್ಣ ವಿಮಾನಗಳ ನಿಲ್ದಾಣ. ಮೈಸೂರು ಮಹಾರಾಜರು ಕೊಟ್ಟ ಜಾಗ. ಅಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ ಶುರುವಾದದ್ದು 1949ರಲ್ಲಿ. ಅಲ್ಲಿ ಕಲಿತು ಹೊರಬಂದ ಮೊದಲಿಗರು ಉಷಾ ಸುಂದರಂ. ಹೆಣ್ಣುಮಗಳೊಬ್ಬಳು ಸೈಕಲ್ ಹೊಡೆದರೇ ಜನ ನಿಂತು ನೋಡುತ್ತಿದ್ದ ಕಾಲ ಅದು. ಆ ರನ್‌ವೇ ಮೇಲೆ ಚಕ್ರ ಉರುಳಿಸುವಾಗ ನನಗೆ ಅವರ ನೆನಪು ಬರುತ್ತದೆ.

ಆವತ್ತು ನಾನು ಹೋದಾಗ ರನ್‌ವೇ ಇರಲಿ, ಹ್ಯಾಂಗರ್ ಮುಂದೆ ಕಟ್ಟಿದ ವಿಮಾನದ ಬಾಲವೂ ಕಾಣುತ್ತಿರಲಿಲ್ಲ. ಹಿಂದಿನ ದಿನ ಹಗಲೆಲ್ಲ ಬಿಸಿಲು, ರಾತ್ರಿ ಮೋಡವಿಲ್ಲದ ಆಕಾಶ, ಗಾಳಿ ನಿಶ್ಚಲ, ಪಕ್ಕದಲ್ಲೇ ಜಕ್ಕೂರು ಕೆರೆ, ರಾಚೇನಹಳ್ಳಿ ಕೆರೆ. ಮಂಜು ಕವಿಯಲು ಇನ್ನೇನು ಬೇಕು? ಕಣ್ಣಿಂದ ನೋಡಿಕೊಂಡೇ ಹಾರುವ ನಮಗೆ 5 ಕಿಲೋಮೀಟರ್ ದೂರ ಕಾಣಬೇಕು. ಆವತ್ತು ಐವತ್ತು ಹೆಜ್ಜೆ ಆಚೆಗೆ ಬರೀ ಬಿಳುಪು. ಯಾರೂ ವಾಪಸ್ ಹೋಗಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಬಂತು, ಯಾರೋ ಜಕ್ಕೂರು ಕ್ರಾಸಿನಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದರು. ಸರದಿ ಇಲ್ಲದೆ ಕೂತಿದ್ದರಿಂದಲೇ ಮಾತು ಶುರುವಾಯಿತು.

“ಒಂಬತ್ತೂವರೆ ಆಗ್ಬೇಕು ಇಂಜಿನಿಯರ್ರೇ, ಅದಕ್ಕೆ ಮುಂಚೆ ಮಂಜು ಬಿಡಲ್ಲ,” ಅಂದರು ಗೌಡರು. ದೊಡ್ಡಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟ ಅವರದು, ಬೆಂಗಳೂರು ನೀಲಿ. ಹ್ಯಾಂಗರ್ ಪಕ್ಕದ ಹುಲ್ಲನ್ನು ಬೂಟಿನ ತುದಿಯಲ್ಲಿ ಸವರಿ, ನೀರು ಎಷ್ಟು ಸಿಡಿಯುತ್ತದೆ ಅಂತ ನೋಡಿ ಹೇಳಿದ್ದು. ನಮ್ಮ ಪೈಕಿ ಒಬ್ಬ ಹುಡುಗ ಫೋನಿನಲ್ಲಿ ಮೂರು ಬಗೆಯ ಹವಾಮಾನ ವರದಿ ತೆಗೆದು ಎಂಟೂವರೆ ಎಂದ. ಗೌಡರು ವಾದಕ್ಕೆ ಹೋಗಲಿಲ್ಲ. ಎಲೆಯ ಮೇಲೆ ತೇವ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ದ್ರಾಕ್ಷಿ ಬೆಳೆಗಾರನಿಗೆ ಬದುಕಿನ ಪ್ರಶ್ನೆ: ಹೆಚ್ಚು ಹೊತ್ತು ನಿಂತರೆ ಬೂಜು ರೋಗ, ಔಷಧಿ ಹೊಡೆಯುವ ಖರ್ಚು. ಹವಾಮಾನ ಶಾಸ್ತ್ರದ ಪರೀಕ್ಷೆಗೆ ನಾವೆಲ್ಲ ಪುಸ್ತಕದಲ್ಲಿ ಓದಿದ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶವನ್ನು, ಅವರು ಇಪ್ಪತ್ತು ವರ್ಷದಿಂದ ತೋಟದಲ್ಲಿ ನಿಂತು ನೋಡಿದ್ದಾರೆ.

ಗೌಡರು ತೋಟದ ಮಾತು ತೆಗೆದದ್ದೇ ಎಲ್ಲರೂ ತಂತಮ್ಮ ಕೆಲಸದ ಬಗ್ಗೆ ಬಾಯಿ ಬಿಟ್ಟರು. ಮೂರು ತಿಂಗಳಿಂದ ನಾನು ‘ನಮಸ್ಕಾರ’ ಅಷ್ಟೇ ಹೇಳುತ್ತಿದ್ದವರೊಬ್ಬರು ಪೀಣ್ಯದಲ್ಲಿ ಲೇತ್ ಮತ್ತು ಮಿಲ್ಲಿಂಗ್ ಮಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು. ಅವರು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕುವುದನ್ನು ನೋಡಬೇಕು. ಹಾರುವ ಮುಂಚೆ ಎಲ್ಲರೂ ಹಾಕುತ್ತೇವೆ: ಟಯರು, ಆಯಿಲ್, ರೆಕ್ಕೆಯ ಟ್ಯಾಂಕಿನ ಅಡಿಯಿಂದ ಒಂದಿಷ್ಟು ಪೆಟ್ರೋಲ್ ಸಣ್ಣ ಗಾಜಿನ ನಳಿಕೆಗೆ ಇಳಿಸಿ ತಳದಲ್ಲಿ ನೀರು ನಿಂತಿದೆಯೇ ಅನ್ನುವುದು. ಅವರದು ಕಣ್ಣಿಗಿಂತ ಕೈಯ ಕೆಲಸ. ಪ್ರೊಪೆಲ್ಲರಿನ ಮುಂದಿನ ಅಂಚಿನ ಉದ್ದಕ್ಕೂ ಹೆಬ್ಬೆರಳಿನ ಉಗುರು ಎಳೆಯುತ್ತಾರೆ. ಆವತ್ತೂ ಎಳೆದರು, ಒಂದು ಕಡೆ ಉಗುರು ನಿಂತಿತು. ರನ್‌ವೇಯ ಸಣ್ಣ ಕಲ್ಲು ಬಡಿದು ಆದ ಕಚ್ಚು, ನಾನು ನೋಡಿದರೂ ಕಾಣಲಿಲ್ಲ, ಮುಟ್ಟಿದಾಗ ಗೊತ್ತಾಯಿತು.

“ಇಂಥ ಕಡೆಯಿಂದ್ಲೇ ಸಾರ್ ಬಿರುಕು ಶುರು ಆಗೋದು. ನಿಮಿಷಕ್ಕೆ ಎರಡು ಸಾವಿರ ಚಿಲ್ಲರೆ ಸುತ್ತು ತಿರುಗುತ್ತೆ. ಶಾಫ್ಟ್ ಮುರಿದು ನಮ್ಮ ಅಂಗಡಿಗೆ ಬರ್ತಾವಲ್ಲ, ಎಲ್ಲದರ ಕಥೆನೂ ಇದೇ,” ಅಂದರು. ಆದರೆ ಅರವನ್ನು ತಾವು ಮುಟ್ಟಲಿಲ್ಲ. ಅದಕ್ಕೆ ಲೈಸೆನ್ಸ್ ಇರುವ ಮೆಕ್ಯಾನಿಕ್‌ನನ್ನೇ ಕರೆಸಿದರು, ಅವನು ಬಂದು ಉಜ್ಜಿ ಸರಿಮಾಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿದ. ಕೈಯಲ್ಲಿ ಕಸುಬಿದ್ದೂ ತನ್ನದಲ್ಲದ ಕಡೆ ಕೈ ಕಟ್ಟಿಕೊಂಡು ನಿಲ್ಲುವುದನ್ನು ಅವರಲ್ಲಿ ನೋಡಿ ನನಗೆ ಗೌರವ ಹೆಚ್ಚಾಯಿತು.

ಪೀಣ್ಯದವರ ಆರಾಧ್ಯ ದೈವ ರೈಟ್ ಸಹೋದರರಲ್ಲ, ಆ ಸಹೋದರರ ಅಂಗಡಿಯಲ್ಲಿ ಕೆಲಸಕ್ಕಿದ್ದ ಚಾರ್ಲಿ ಟೇಲರ್. ಅಮೆರಿಕದ ಡೇಟನ್ ಊರಿನಲ್ಲಿ ರೈಟ್ ಅಣ್ಣತಮ್ಮಂದಿರಿಗೆ ಇದ್ದದ್ದು ಸೈಕಲ್ ಅಂಗಡಿ. ಹಾರಾಟದ ಖರ್ಚೆಲ್ಲ ನಡೆದದ್ದು ಆ ಸೈಕಲ್ ವ್ಯಾಪಾರದಿಂದ. ತಮ್ಮ ವಿಮಾನಕ್ಕೆ ತಕ್ಕ ಹಗುರ ಎಂಜಿನ್ ಯಾವ ಕಂಪನಿಯಿಂದಲೂ ಸಿಗಲಿಲ್ಲ. ಟೇಲರ್ ಲೇತು ಮತ್ತು ಡ್ರಿಲ್ಲಿನಲ್ಲೇ ಸುಮಾರು ಆರು ವಾರದಲ್ಲಿ 12 ಹಾರ್ಸ್‌ಪವರಿನ ಎಂಜಿನ್ ಮಾಡಿಕೊಟ್ಟರು. ಎಂಜಿನ್ನಿನೊಳಗೆ ತಿರುಗುವ ದಂಡವನ್ನು, ಕ್ರ್ಯಾಂಕ್‌ಶಾಫ್ಟನ್ನು, ಒಂದೇ ಉಕ್ಕಿನ ದಿಮ್ಮಿಯಿಂದ ಕೊರೆದು ತೆಗೆದದ್ದು. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಶಕ್ತಿ ಹೋದದ್ದು ಸೈಕಲ್ಲಿನ ಹಾಗೆಯೇ ಚೈನು ಮತ್ತು ಹಲ್ಲುಗಾಲಿಯ ಮೂಲಕ. 1903ರ ಡಿಸೆಂಬರಿನಲ್ಲಿ ಹಾರಿದ್ದು ಆ ಎಂಜಿನ್. ಇದನ್ನು ಹೇಳುವಾಗ ಪೀಣ್ಯದವರ ದನಿ ಬದಲಾಯಿತು. “ಆ ಕ್ರ್ಯಾಂಕ್‌ಶಾಫ್ಟ್ ನಾನೂ ಒಂದು ಟರ್ನ್ ಮಾಡ್ಬೇಕು ಅಂತಿದೀನಿ ಸಾರ್, ಆರ್ಡರಿಗಲ್ಲ, ಮನೇಲಿ ಇಟ್ಕೊಳ್ಳಕ್ಕೆ.”

ಡೇಟನ್ ಹೆಸರು ಕೇಳಿ ಡಾಕ್ಟರಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅವರು ಅರಿವಳಿಕೆ ತಜ್ಞೆ. ಅವರು ಹೇಳಿದ್ದು ಇದು: ಅದೇ ಊರಿನ ವಾಯುನೆಲೆಯಲ್ಲಿ, 1935ರ ಅಕ್ಟೋಬರ್ 30ರಂದು ಬೋಯಿಂಗ್‌ನ ನಾಲ್ಕು ಎಂಜಿನ್ನಿನ ಹೊಸ ವಿಮಾನ ಮೇಲೇರಿದ್ದೇ ಬಿದ್ದು ಇಬ್ಬರು ಸತ್ತರು. ಓಡಿಸುತ್ತಿದ್ದವರು ಅನನುಭವಿಗಳಲ್ಲ. ನಿಂತ ವಿಮಾನದ ಬಾಲದ ಪಟ್ಟಿಗಳು ಗಾಳಿಗೆ ಬಡಿದುಕೊಳ್ಳದಿರಲಿ ಅಂತ ಹಾಕುವ ಲಾಕ್ ತೆಗೆಯುವುದು ಮರೆತುಹೋಗಿತ್ತು. ಆ ಸಾವಿನಿಂದ ಹುಟ್ಟಿದ್ದು ಚೆಕ್‌ಲಿಸ್ಟ್: ಎಷ್ಟೇ ಪಳಗಿದವರಾದರೂ ಬಾಯಿಪಾಠ ನಂಬಬೇಡಿ, ಓದಿ, ಮುಟ್ಟಿ, ನೋಡಿ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರುಗಳಿಗೆ ಇದೇ ಬಗೆಯ 19 ಅಂಶಗಳ ಪಟ್ಟಿ ತಂದಿತು. ರೋಗಿ ಯಾರು, ಯಾವ ಕಡೆಯ ಅಂಗ, ಅಲರ್ಜಿ ಇದೆಯೇ ಅಂತ ಕತ್ತಿ ಇಡುವ ಮುಂಚೆ ಜೋರಾಗಿ ಹೇಳಿಕೊಳ್ಳಬೇಕು.

“ಪಟ್ಟಿ ಮೊದಲು ನಮ್ಮ ಥಿಯೇಟರಿಗೆ ಬಂದಾಗ ದೊಡ್ಡ ಸರ್ಜನ್‌ಗಳಿಗೆ ಅವಮಾನ ಅನಿಸಿತ್ತು,” ಅಂದರು. “ನಾನಿಲ್ಲಿ ಹಾರೋದು ಕಲಿತ ಮೇಲೆ ಅದನ್ನ ಓದೋ ರೀತಿನೇ ಬೇರೆ ಆಯ್ತು. ಇಲ್ಲಿ ಮರೆತರೆ ಬೀಳೋದು ನಾನೇ ಅಲ್ವಾ? ಟೇಬಲ್ ಮೇಲೆ ಮಲಗಿರೋರಿಗೂ ಅದೇ ಭಯ ಇರುತ್ತೆ ಅನ್ನೋದು ಆಮೇಲೆ ಮೈಗೆ ಹತ್ತಿತು.” ಅವರ ಈ ಮಾತಿನ ನಂತರ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಏನು ಪ್ರಯೋಜನ ಅಂತ ಕೇಳುವವರು ಅಲ್ಲಿರಬೇಕಿತ್ತು. ಅವರ ರೋಗಿಗಳಿಗೆ ಗೊತ್ತಿಲ್ಲದೆ ಸಿಕ್ಕಿದ ಪ್ರಯೋಜನ ಅದು.

ಒಬ್ಬರು ಲೆಕ್ಕಪರಿಶೋಧಕರು, ಒಬ್ಬರದು ವಿದ್ಯಾರಣ್ಯಪುರದಲ್ಲಿ ದರ್ಶಿನಿ. ಹವಾಮಾನ ವರದಿ ತೆಗೆದ ಹುಡುಗ ಸಾಫ್ಟ್‌ವೇರ್. ಅವರ ಕಥೆಗಳಿಗೆ ಆವತ್ತು ಸಮಯ ಸಾಲಲಿಲ್ಲ.

ಆದರೆ ಪಿಯು ಕಾಲೇಜಿನ ಭೌತಶಾಸ್ತ್ರದ ಮೇಡಂ ವಿಷಯ ಬಿಡುವಂತಿಲ್ಲ. ಹಾರಾಟ ಶ್ರೀಮಂತರ ಚಟ ಅನ್ನುವ ಮಾತು ಪೂರ್ತಿ ಸುಳ್ಳೇನಲ್ಲ. ಒಂದೊಂದು ಗಂಟೆಗೂ ಸಾವಿರಗಟ್ಟಲೆ ಬೀಳುತ್ತದೆ. ಜೆ.ಆರ್.ಡಿ. ಟಾಟಾ 1929ರಲ್ಲಿ ಭಾರತದ ಮೊದಲ ಪೈಲಟ್ ಲೈಸೆನ್ಸ್ ಪಡೆದದ್ದು, ಬಟ್ಟೆ ಗಿರಣಿಯ ವಿಜಯಪತ್ ಸಿಂಘಾನಿಯಾ 1988ರಲ್ಲಿ ಮೈಕ್ರೋಲೈಟ್ ಅನ್ನುವ ಪುಟ್ಟ ಹಗುರ ವಿಮಾನದಲ್ಲಿ ಒಬ್ಬರೇ 23 ದಿನದಲ್ಲಿ ಲಂಡನ್ನಿನಿಂದ ದೆಹಲಿಗೆ ಬಂದದ್ದು ನಮಗೆಲ್ಲ ಹೆಮ್ಮೆ, ಆದರೆ ಅವರ ಜೇಬು ನಮ್ಮದಲ್ಲ. ಮೇಡಂ ಮಾಡಿದ್ದು ಇಷ್ಟು: ನೆಲಮಂಗಲದ ಕಡೆ ಸೈಟ್ ಕೊಳ್ಳಲು ಕೂಡಿಟ್ಟ ದುಡ್ಡನ್ನು ಗಂಟೆಗಳಾಗಿ ಮುರಿಸಿಕೊಂಡರು. ಮನೆಯಲ್ಲಿ ಎಷ್ಟು ಮಾತು ಬಂದಿರಬಹುದು, ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅವರು ಹೇಳಿದ್ದು ರೆಕ್ಕೆಯ ಬಗ್ಗೆ. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿಗೆ ದಾರಿ ಉದ್ದ, ಹಿಂದಿನ ಅಂಚಿನಲ್ಲಿ ಕೆಳಗಿನ ಗಾಳಿಯನ್ನು ಕೂಡಿಕೊಳ್ಳಲು ಅದು ಬೇಗ ಓಡಬೇಕು, ಹಾಗಾಗಿ ಒತ್ತಡ ಕಡಿಮೆ, ಅದರಿಂದ ಎತ್ತುವ ಬಲ. ಈ ವಿವರಣೆಯನ್ನು ನಾನೂ ಶಾಲೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಅದು ಸರಿಯಲ್ಲ. ಮೇಲಿನ ಗಾಳಿಗೆ ಕೆಳಗಿನದನ್ನು ಕೂಡಿಕೊಳ್ಳಲೇಬೇಕೆಂಬ ನಿಯಮ ಏನೂ ಇಲ್ಲ. ಪ್ರಯೋಗದಲ್ಲಿ ನೋಡಿದರೆ ಅದು ಮೊದಲೇ ತುದಿ ದಾಟಿರುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಇಲ್ಲವಾದರೆ ಏರೋ ಇಂಡಿಯಾ ಪ್ರದರ್ಶನದಲ್ಲಿ ವಿಮಾನಗಳು ತಲೆಕೆಳಗಾಗಿ ಹೇಗೆ ಹಾರುತ್ತಿದ್ದವು?

“ಸ್ಟಾಲ್ ಕಲಿಸೋ ದಿನ ಮೂತಿ ಎತ್ತುತ್ತಾ ಹೋದ್ವಿ. ಒಂದು ಕೋನ ದಾಟಿದ್ದೇ ತಡ, ಗಾಳಿ ರೆಕ್ಕೆ ಬಿಟ್ಟುಬಿಡ್ತು, ಕಂಟ್ರೋಲ್ ಸಡಿಲ ಆಯ್ತು, ಮೂತಿ ತಾನೇ ಕೆಳಗೆ ಬಿತ್ತು. ಎಂಜಿನ್ ಓಡ್ತಾನೇ ಇದೆ! ಮಾರನೇ ದಿನ ಕ್ಲಾಸಲ್ಲಿ ಹಳೇ ನೋಟ್ಸ್ ಪಕ್ಕಕ್ಕಿಟ್ಟೆ,” ಅಂದರು ಮೇಡಂ. ಅವರ ಮುಖದ ಖುಷಿಯನ್ನು ಬರೆಯಲು ನನಗೆ ಬರುವುದಿಲ್ಲ.

ನನ್ನ ಸರದಿ ಬಂದಾಗ ನಾನು ಎತ್ತರದ ಮಾತು ತೆಗೆದೆ, ನನಗೆ ಗೊತ್ತಿರುವುದು ಅದೊಂದೇ. ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ತಳ್ಳಿ ಈ ಊರಿಗೆ ತರಬೇಕು. ನೀರಿನವರಿಗೆ ಬೆಂಗಳೂರು ಒಂದು ದಿಣ್ಣೆ, ಪ್ರತಿ ಮೀಟರಿಗೂ ಕರೆಂಟ್ ಬಿಲ್. ಅದೇ ದಿಣ್ಣೆ ಪೈಲಟ್‌ಗಳಿಗೂ ಲೆಕ್ಕಕ್ಕೆ ಬರುತ್ತದೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಗಾಳಿ ಆಗಲೇ ತೆಳು. ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ ಆದರೆ ಅದು ಇನ್ನೂ ತೆಳುವಾಗಿ, ವಿಮಾನದ ಪಾಲಿಗೆ ರನ್‌ವೇ 6,000 ಅಡಿ ಎತ್ತರದಲ್ಲಿ ಇದ್ದ ಹಾಗೆ. ಎಂಜಿನ್ನಿಗೆ ಉಸಿರು ಸಾಲದು, ರೆಕ್ಕೆಗೆ ಹಿಡಿತ ಸಾಲದು, ಓಟ ಉದ್ದವಾಗುತ್ತದೆ. ಬೆಳಗ್ಗೆಯೇ ಹಾರಲು ನಾವೆಲ್ಲ ಹಾತೊರೆಯುವುದು ಅದಕ್ಕೇ. “ಅಂದ್ರೆ ನೀರು ಹತ್ತಿಸೋದೂ ಕಷ್ಟ, ನಾವು ಹತ್ತೋದೂ ಕಷ್ಟ,” ಅಂದರು ಗೌಡರು. ಅದೇ ಲೆಕ್ಕ.

ಹತ್ತಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ವಿಂಡ್‌ಸಾಕ್, ಕಂಡಿತು, ಆಮೇಲೆ ಕೆರೆಯಾಚೆಯ ಅಪಾರ್ಟ್‌ಮೆಂಟುಗಳು. ಫೋನಿನ ಹುಡುಗ ಗೌಡರ ಕೈ ಕುಲುಕಿದ. ನಾನು ಪೀಣ್ಯದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಒಂದು ಕಡೆ ಯಲಹಂಕ ವಾಯುನೆಲೆ, ಉತ್ತರಕ್ಕೆ ದೊಡ್ಡ ಏರ್‌ಪೋರ್ಟು, ನಮಗೆ ಉಳಿದ ಆಕಾಶ ಸಣ್ಣದು, ಎತ್ತರಕ್ಕೂ ಮಿತಿ. ಕೆರೆಯ ಮೇಲೆ ಹೆಜ್ಜಾರ್ಲೆಗಳು ಬಿಸಿಗಾಳಿ ಹಿಡಿದು ಸುತ್ತಲು ಶುರುಮಾಡಿದ್ದವು. ಅವುಗಳ ಮೇಲೆ ಒಂದು ಕಣ್ಣು, ರೇಡಿಯೋ ಮೇಲೆ ಒಂದು ಕಿವಿ. ಪೀಣ್ಯದವರು ಹೊರಗೆ ನೋಡಲೇ ಇಲ್ಲ ಅನ್ನಬಹುದು, ಎಂಜಿನ್ ಸದ್ದು ಕೇಳುತ್ತಾ ಕೂತಿದ್ದರು. “ಒಳ್ಳೆ ಸದ್ದು ಸಾರ್,” ಅಂದರು ಇಳಿಯುವಾಗ.

ಎಲ್ಲರ ಹಾರಾಟ ಮುಗಿಯುವಷ್ಟರಲ್ಲಿ ಮೇಡಂ ಒಂದು ವಿಷಯ ಮುಂದಿಟ್ಟಿದ್ದರು: ಅವರ ಕಾಲೇಜಿನ ಮಕ್ಕಳನ್ನು ಇಲ್ಲಿಗೆ ಕರೆತರಬೇಕು, ಬೋರ್ಡಿನ ಮೇಲಿನ ರೆಕ್ಕೆ ಬಿಟ್ಟು ನಿಜವಾದ ರೆಕ್ಕೆ ಮುಟ್ಟಿಸಬೇಕು. ಡಾಕ್ಟರಮ್ಮ ಚೆಕ್‌ಲಿಸ್ಟ್ ಓದಿಸುತ್ತೇನೆಂದರು. ಪೀಣ್ಯದವರು ಹಳೆಯ ಪಿಸ್ಟನ್ ಒಂದನ್ನು ಅಡ್ಡಕ್ಕೆ ಕೊಯ್ದು ತರುತ್ತಾರಂತೆ. ಮಂಜು, ಇಬ್ಬನಿ ಗೌಡರ ಪಾಲು. “ನನಗೆ ಭಾಷಣ ಬರಲ್ಲ, ಹುಲ್ಲು ತೋರಿಸ್ತೀನಿ” ಅನ್ನುವ ಷರತ್ತಿನ ಮೇಲೆ ಒಪ್ಪಿದರು. ಮಕ್ಕಳನ್ನು ಒಳಗೆ ಬಿಡಲು ಅನುಮತಿ ಪತ್ರ ಬೇಕಲ್ಲ, ಅದನ್ನು ಬರೆಯುವ ಕೆಲಸ ನನ್ನದಾಯಿತು. ಇಲಾಖೆಗಳಿಗೆ ಪತ್ರ ಬರೆಯುವುದು ವಾರವೆಲ್ಲ ಮಾಡುವ ಕೆಲಸವೇ. ಸೋಮವಾರ ಊಟದ ಬಿಡುವಿನಲ್ಲಿ ಬರೆದು ಮುಗಿಸಿದೆ, ಮೇಡಂ ಸಹಿ ಹಾಕಿಸಿ ಕಳಿಸಿದ್ದಾರೆ.