ಹಳೆಯ ರೌಟರನ್ನು ಕರೆಯುತ್ತಿದ್ದ ಪ್ರಿಂಟರ್

"ಕಣ್ಣೆದುರಿಗೇ ಕುಳಿತಿದೆ, ಕಂಪ್ಯೂಟರ್ ಮಾತ್ರ ಇಲ್ಲವೇ ಇಲ್ಲ ಎನ್ನುತ್ತದೆ, ನೋಡಪ್ಪ." ಭಾನುವಾರ ತಿಪಟೂರಿಗೆ ಹೋದಾಗ ಭಾವ ಆಡಿದ ಮೊದಲ ಮಾತೇ ಇದು. ಹೊಸ ರೌಟರ್ ಬಂದ ದಿನದಿಂದ ಜೆರಾಕ್ಸ್ ಅಂಗಡಿಯ ಪ್ರಿಂಟರ್ ಸುಮ್ಮನಾಗಿತ್ತು. ರಿಪೇರಿಗೆ ಬಂದವನು ಹತ್ತು ನಿಮಿಷ ನೋಡಿ, "ಇದು ಸತ್ತಿದೆ, ಹೊಸದು ತೆಗೆದುಕೊಳ್ಳಿ" ಎಂದು ಹೇಳಿ ಹೋಗಿದ್ದ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಮೊದಲು ನಾನೂ ಅವನ ದಾರಿಯನ್ನೇ ಹಿಡಿದೆ. ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ, ಟರ್ಮಿನಲ್ ತೆರೆದು, ನೆಟ್‌ವರ್ಕಿನಲ್ಲಿರುವ ಯಂತ್ರಗಳನ್ನು ಹುಡುಕುವ ಎನ್‌ಮ್ಯಾಪ್ ಎಂಬ ಪ್ರೋಗ್ರಾಮಿಗೆ 192.168.1.0/24 ಎಂದು, ಅಂದರೆ ಹೊಸ ರೌಟರಿನ ವಿಳಾಸಗಳ ಇಡೀ ಸಾಲನ್ನು ಕೊಟ್ಟೆ. ಮೇಷ್ಟರು ಹಾಜರಿ ಕೂಗಿದಂತೆ ಅದು ಆ ಸಾಲಿನ ಎಲ್ಲ ವಿಳಾಸಗಳನ್ನೂ ಕರೆಯುತ್ತದೆ. ರೌಟರ್, ಎರಡು ಕಂಪ್ಯೂಟರ್, ಸಿಸಿ ಕ್ಯಾಮೆರಾ, ಭಾವನ ಮೊಬೈಲ್ ಓಗೊಟ್ಟವು. ಪ್ರಿಂಟರ್ ಗೈರುಹಾಜರು.

ಕರೆಯುವುದನ್ನು ಬಿಟ್ಟು ಟಿಸಿಪಿಡಂಪ್ ಎಂಬ ಇನ್ನೊಂದು ಪ್ರೋಗ್ರಾಂ ಹಾಕಿ ಕುಳಿತೆ. ಅದು ಯಾರನ್ನೂ ಕೂಗುವುದಿಲ್ಲ, ತಂತಿಗೆ ಕಿವಿಗೊಡುತ್ತದೆ, ಅಷ್ಟೇ. ಎಆರ್‌ಪಿ ಸಂದೇಶಗಳನ್ನು ಮಾತ್ರ ತೋರಿಸು ಎಂದೆ. ಈ ವಿಳಾಸ ಯಾವ ಯಂತ್ರದ್ದು ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸುವ ಈ ಪದ್ಧತಿ 1982ರದು, ನಮ್ಮ ಮನೆಗಳ ವೈಫೈಯಲ್ಲಿ ಇಂದಿಗೂ ಓಡುತ್ತಿದೆ. ಸ್ವಲ್ಪ ಹೊತ್ತಿಗೆ ಒಂದು ಸಾಲು ಮೂಡಿತು. 192.168.0.1 ಯಾರು? 192.168.0.50ಕ್ಕೆ ತಿಳಿಸಿ. ಮತ್ತೆ ಅದೇ ಸಾಲು. ಮತ್ತೆ ಅದೇ.

ಮೂರನೆಯ ಅಂಕಿ ಸೊನ್ನೆ! ಹಳೆಯ ರೌಟರಿನದು ಸೊನ್ನೆಯ ಸಾಲು, ಹೊಸದರದು ಒಂದರ ಸಾಲು. ಯಾರೋ ಎಂದೋ ಪ್ರಿಂಟರಿಗೆ ಬದಲಾಗದ ವಿಳಾಸ ಬರೆದಿಟ್ಟಿದ್ದರು. ಅದು ಸತ್ತಿರಲಿಲ್ಲ. ಕಪಾಟಿನೊಳಗೆ ವೈರು ಸುತ್ತಿಟ್ಟಿದ್ದ ಹಳೆಯ ರೌಟರನ್ನು ಅಷ್ಟು ದಿನವೂ ಕರೆಯುತ್ತಿತ್ತು.

ಲ್ಯಾಪ್‌ಟಾಪಿಗೂ ಸೊನ್ನೆಯ ಸಾಲಿನ ಒಂದು ವಿಳಾಸ ಕೊಟ್ಟು, ಬ್ರೌಸರಿನಲ್ಲಿ ಪ್ರಿಂಟರಿನ ಪುಟ ತೆರೆದು, ಇನ್ನು ಮೇಲೆ ವಿಳಾಸವನ್ನು ರೌಟರೇ ಕೊಡಲಿ ಎಂದು ಬದಲಿಸಿದೆ. ಉಳಿದದ್ದು ಐದು ನಿಮಿಷದ ಕೆಲಸ. ಮೊದಲ ಹಾಳೆ ಹೊರಬಂದಾಗ ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ವಾಪಸಾಗುವಾಗ ರೈಲಿನಲ್ಲಿ ಆ ಸಾಲು ಮನಸ್ಸಿನಿಂದ ಹೋಗಲಿಲ್ಲ. 192.168.0.1 ಯಾರು? ನೆನಪಾದದ್ದು ನಮ್ಮ ದೊಡ್ಡಮ್ಮ. ಊರು ಬಿಟ್ಟು ಮಗನ ಮನೆ ಸೇರಿದ ಮೇಲೆ ಅವರ ಪಿಂಚಣಿ ನಿಂತಿದೆ. ಬ್ಯಾಂಕಿನ ಪತ್ರ ಹಳೆಯ ಮನೆಗೆ ಹೋಗಿ ಮರಳಿತಂತೆ, ಉತ್ತರ ಬರಲಿಲ್ಲವೆಂದು ಖಾತೆಯಲ್ಲಿ ಗುರುತು ಹಾಕಿದರಂತೆ. ದೊಡ್ಡಮ್ಮ ಮೂರು ಬಾರಿ ಹೋಗಿ ಕೌಂಟರಿನ ಮುಂದೆ ನಿಂತಿದ್ದಾರೆ. "ಬದುಕಿದ್ದೇನೆ ಎಂದು ನಾನೇ ಬಂದು ಹೇಳಿದರೂ ಕಾಗದ ತನ್ನಿ ಎನ್ನುತ್ತಾರೆ" ಎಂದು ಫೋನಿನಲ್ಲಿ ಹೇಳಿದಾಗ ನಾನು ಹೂಂಗುಟ್ಟಿ ಸುಮ್ಮನಾಗಿದ್ದೆ. ಪ್ರಿಂಟರಿಗೆ ಕೊಟ್ಟಷ್ಟು ಕಿವಿಯನ್ನೂ ಅವರಿಗೆ ಕೊಟ್ಟಿರಲಿಲ್ಲ.

ಶುಕ್ರವಾರ ರಜೆ ಹಾಕಿದ್ದೇನೆ. ಬ್ಯಾಂಕು ತೆರೆಯುವ ಹೊತ್ತಿಗೆ ದೊಡ್ಡಮ್ಮನ ಜೊತೆ ಅಲ್ಲಿರುತ್ತೇನೆ.